ಗೋಡೆಯ ಕೌದಿಗಳು

ಹನ್ನೊಂದು ವರ್ಷ ನಾನು ನನ್ನ ತಮ್ಮನ ಮನೆಯನ್ನು ಚಳಿಗಾಲಕ್ಕೆ ಅಣಿ ಮಾಡಿಕೊಟ್ಟಿದ್ದೇನೆ. ಹನ್ನೊಂದು ವರ್ಷವೂ, ಮನೆ ಅಣಿಯಾದ ಮೇಲೆ, ಅದರೊಳಗೆ ನನಗೆ ಜಾಗವಿಲ್ಲವೆಂದು ನನ್ನನ್ನು ಹೊರಗೆ ಕಳಿಸಿದ್ದಾರೆ. ಇದನ್ನು ಹೇಳುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತವೆ. ಆಗಲಿ. ಹೇಳಿಯೇ ತೀರುತ್ತೇನೆ.

ನಮ್ಮೂರಿನ ಮನೆಗಳು ಚಳಿಗೆ ಕುಗ್ಗುತ್ತವೆ. ದೀಪಾವಳಿ ಮುಗಿದು ಗಾಳಿ ಒಣಗಿತೆಂದರೆ ಗೋಡೆಗಳು ಒಳಕ್ಕೆ ಸರಿಯಲು ಶುರುಮಾಡುತ್ತವೆ. ದಿನಕ್ಕೆ ಒಂದು ಬೆರಳು, ಗಾಳಿ ಜೋರಿದ್ದ ದಿನ ಎರಡು. ಶಿವರಾತ್ರಿ ದಾಟಿದ ಮೇಲೆ ಮತ್ತೆ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತವೆ. ನಾವು ಇದರಲ್ಲೇ ಹುಟ್ಟಿ ಬೆಳೆದವರು. ಎತ್ತರದ ಗಂಡಸರು ಕಾರ್ತಿಕದಿಂದಲೇ ಬಗ್ಗಿ ನಡೆಯುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಬಡಿಗರು ಬಾಗಿಲ ಅಂಚು ಹೆರೆಯಲು ಓಣಿ ಓಣಿ ತಿರುಗುತ್ತಾರೆ. ಬೇಸಿಗೆಯಲ್ಲಿ ಅದೇ ಬಾಗಿಲಿಗೆ ಪಟ್ಟಿ ಹೊಡೆಯಲು ಮತ್ತೆ ಅವರೇ ಬರುತ್ತಾರೆ. ಮಾತು ಬಿಟ್ಟ ಗಂಡಹೆಂಡಿರು ಪುಷ್ಯದ ಹೊತ್ತಿಗೆ ಭುಜಕ್ಕೆ ಭುಜ ತಾಗಿಸಿ ಮಲಗಬೇಕಾಗುತ್ತದೆ. ಕೆಲವರು ಹಾಗೆಯೇ ರಾಜಿಯಾಗುತ್ತಾರೆ, ಕೆಲವರು ಬೆನ್ನು ತಿರುಗಿಸಲೂ ಜಾಗವಿಲ್ಲದೆ ದ್ವೇಷವನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳುತ್ತಾರೆ.

ಎಲ್ಲ ಮನೆಗಳೂ ಒಂದೇ ಸಮ ಕುಗ್ಗುವುದಿಲ್ಲ. ಬೆಚ್ಚಗಿರುವ ಮನೆ ಕಡಿಮೆ ಕುಗ್ಗುತ್ತದೆ. ಪೇಟೆ ಬೀದಿಯ ಸಾಹುಕಾರರ ಗೋಡೆಗಳು ಎರಡು ಮೊಳ ದಪ್ಪ, ಅವರ ಒಲೆ ಆರುವುದೇ ಇಲ್ಲ. ಅಂಥ ಮನೆ ಇಡೀ ಚಳಿಗಾಲಕ್ಕೆ ಒಂದು ಗೇಣು ಸರಿದರೆ ಹೆಚ್ಚು. ಚಳಿಗಾಲವೆಂದರೆ ಒಳ್ಳೆಯ ನಿದ್ದೆ ಬರುವ ಕಾಲ ಎಂದು ಅವರು ಮಾತಾಡಿಕೊಳ್ಳುವುದನ್ನು ನಾನು ಕೇಳಿದ್ದೇನೆ. ನಮ್ಮ ಓಣಿಯವು ಒಂಟಿ ಇಟ್ಟಿಗೆಯ ಮನೆಗಳು. ಏನೂ ಮಾಡದೆ ಬಿಟ್ಟರೆ ಮೂರು ಕೋಣೆಯ ಮನೆ ಪುಷ್ಯದಲ್ಲಿ ಒಂದು ಕೋಣೆಯಷ್ಟಾಗುತ್ತದೆ.

ಹಾಗಾಗದಂತೆ ನೋಡಿಕೊಳ್ಳುವವಳು ನಾನು. ನನ್ನ ಹೆಸರು ದಾನವ್ವ. ಗಂಡ ತೀರಿಕೊಂಡ ಮೇಲೆ ಮೂವತ್ತೆರಡನೆಯ ವಯಸ್ಸಿಗೆ ತವರಿಗೆ ಬಂದೆ. ಅಪ್ಪ ಇನ್ನೂ ಗಟ್ಟಿಯಾಗಿದ್ದ. ಮನೆ ಅವನೇ ಕಟ್ಟಿಸಿದ್ದು. "ಇದು ಕಲ್ಮೇಶಂದ ಎಷ್ಟೋ ನಿಂದೂ ಅಷ್ಟ" ಎಂದು ಓಣಿಯ ನಾಲ್ಕು ಮಂದಿಯ ಮುಂದೆ ಹೇಳಿದ್ದ. ಕಾಗದದ ಮೇಲೆ ಬರೆಸಲಿಲ್ಲ; ಬರೆಸಬೇಕೆಂದು ನನಗೂ ಹೊಳೆಯಲಿಲ್ಲ. ಕಲ್ಮೇಶ ನನ್ನ ಒಬ್ಬನೇ ತಮ್ಮ. ಅರಳೆ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಅವನ ಹೆಂಡತಿ ಸುನಂದಾ, ಮಗಳು ಭಾರತಿ. ಅಪ್ಪ ಇರುವವರೆಗೆ ಐದೂ ಜನ ಅದೇ ಮನೆಯಲ್ಲಿ ಒಂಬತ್ತು ಚಳಿಗಾಲ ಕಳೆದೆವು. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ಚುಚ್ಚುತ್ತಿತ್ತು, ಅಷ್ಟೇ. ಯಾರೂ ಸಾಯಲಿಲ್ಲ.

ಅಪ್ಪ ಹೋದ ವರ್ಷ ಕಲ್ಮೇಶ ನನ್ನ ಹತ್ತಿರ ಬಂದು ಕೂತ. "ಅಕ್ಕಾ, ಇದೊಂದ್ ಚಳಿಗಾಲ ಛತ್ರದಾಗ ಸುಧಾರಿಸ್ಕೋ. ಭಾರತಿ ದೊಡ್ಡಾಕಿ ಆಗಾಕತ್ತಾಳ, ಆಕಿಗೂ ಕಾಲು ಚಾಚಾಕ ಜಾಗ ಬೇಕಲ್ಲ" ಅಂದ. ಸರಿ ಅಂದೆ. ಆ 'ಇದೊಂದ್' ಹನ್ನೊಂದಾಯಿತು.

ಛತ್ರದ ಬಗ್ಗೆ ಹೇಳುತ್ತೇನೆ. ಮನೆಯಲ್ಲಿ ಹಿಡಿಸದವರಿಗೆಂದು ಪುರಸಭೆಯವರು ಕಟ್ಟಿಸಿದ್ದು. ಅದು ಕುಗ್ಗುವುದಿಲ್ಲವೆಂದು ಅವರಿಗೆ ಬಹಳ ಹೆಮ್ಮೆ. ಹೇಗೆ ಕುಗ್ಗೀತು? ಅದಕ್ಕೆ ಗೋಡೆಯೇ ಇಲ್ಲ. ಮೇಲೊಂದು ತಗಡಿನ ಮಾಡು, ಕೆಳಗೆ ಹದಿನಾರು ಕಲ್ಲುಕಂಬ, ನಡುವೆ ಬಡಗಣ ಗಾಳಿ. ಊರಿನ ಅಜ್ಜಿಯರು, ಮದುವೆಯಾಗದ ಕಾಕಂದಿರು, ಕಾಲಿಲ್ಲದವರು, ನನ್ನಂಥವರು, ಎಲ್ಲ ಸೇರಿ ಮೂವತ್ತು ಮೂವತ್ತೈದು ಮಂದಿ ಅಲ್ಲಿ ಪ್ರತಿ ವರ್ಷ ನೂರು ದಿನ ಕಳೆಯುತ್ತೇವೆ. ಹಿಂದಿನ ವರ್ಷ ನನ್ನ ಪಕ್ಕದ ಕಂಬದ ತಿಪ್ಪವ್ವಾಯಿ ಒಂದು ಬೆಳಗ್ಗೆ ಏಳಲಿಲ್ಲ. ಮೂವರು ಗಂಡುಮಕ್ಕಳ ತಾಯಿ. ಮಕ್ಕಳು ಬಂದರು, ಅತ್ತರು. ಹೆಣವನ್ನು ಸ್ವಲ್ಪ ಹೊತ್ತಾದರೂ ಮನೆಗೆ ಒಯ್ದು ಮಲಗಿಸಿ ಅಂದರೆ, ಮನೆಯಲ್ಲಿ ಮಲಗಿಸಲು ಜಾಗವಿಲ್ಲ ಅಂದರು. ಛತ್ರದಿಂದಲೇ ಒಯ್ದರು. ಆ ದಿನ ನಾನು ಅಳಲಿಲ್ಲ. ನನ್ನೊಳಗೆ ಏನೋ ಒಂದು ಗಂಟು ಬಿದ್ದಿತು, ಅದು ಬಿಚ್ಚಲೇ ಇಲ್ಲ.

ಈ ವರ್ಷ ಕೈ ಇನ್ನೂ ಬಿಗಿಯಿತ್ತು. ಕಾರ್ಖಾನೆ ವಾರಕ್ಕೆ ಮೂರೇ ದಿನ ನಡೆಯುತ್ತಿತ್ತು. ಸುನಂದಾ ಶ್ರಾವಣದಲ್ಲೇ ಹೇಳಿದಳು, "ಅಕ್ಕಾರ, ಈ ವರ್ಷ ಕಟ್ಟಿಗಿ ಕೊಳ್ಳಾಕ ಆಗೂದಿಲ್ರಿ. ನೀವ ಏನರ ಮಾಡ್ರಿ." ನಾನೇ ಮಾಡಿದೆ. ದರ್ಜಿಯ ಅಂಗಡಿಯಲ್ಲಿ ಗುಂಡಿ ಹಚ್ಚಿಕೊಟ್ಟು, ಕೂಲಿಯ ಬದಲು ಚಿಂದಿ ಬಟ್ಟೆ ಕೇಳಿ ತಂದೆ. ಕಟ್ಟಡದ ಕೆಲಸದವರು ಬಿಸಾಕಿದ ಸಿಮೆಂಟಿನ ಕಾಗದದ ಚೀಲಗಳನ್ನು ಕೊಡವಿ, ಒರೆಸಿ, ಮೈದಾ ಅಂಟಿನಲ್ಲಿ ಒಂದರ ಮೇಲೊಂದು ಹಚ್ಚಿ ಒಣಗಿಸಿದೆ. ಅದನ್ನು ಒಳಗಿಟ್ಟು ಮೇಲೆ ಕೆಳಗೆ ಬಟ್ಟೆ ಕೊಟ್ಟು ಹೊಲಿದರೆ ಗೋಡೆಗೆ ತೂಗಹಾಕುವ ಕೌದಿಯಾಗುತ್ತದೆ; ಗಾಳಿ ಹಾಯುವುದಿಲ್ಲ. ಇಟ್ಟಿಗೆಯ ಬಿರುಕುಗಳಿಗೆ ಅರಳೆ ಕಸ ತುರುಕಿ ಮೇಲೆ ಸಗಣಿ ಮಣ್ಣು ಮೆತ್ತಿದೆ. ಎತ್ತಿನ ಗಾಡಿಗಳ ಹಿಂದೆ ಬುಟ್ಟಿ ಹಿಡಿದು ನಡೆದು ಸಗಣಿ ಆರಿಸಿ ಕುಳ್ಳು ತಟ್ಟಿದೆ. ಎಣ್ಣೆ ಗಾಣದ ಮುಂದೆ ನಿಂತು ಶೇಂಗಾ ಸಿಪ್ಪೆ ಬೇಡಿ ತಂದೆ, ಒಲೆಗೆ ಅದು ಒಳ್ಳೆಯ ಉರುವಲು. ಖಡಕ್ ರೊಟ್ಟಿ ಬಡಿದು ಒಣಗಿಸಿ ಬಿದಿರಿನ ಬುಟ್ಟಿಯಲ್ಲಿ ಎರಡು ಮೊಳ ಎತ್ತರಕ್ಕೆ ಪೇರಿಸಿಟ್ಟೆ. ಗುರೆಳ್ಳು ಚಟ್ನಿ ಕುಟ್ಟಿದೆ. ಸೂಜಿ ಹಿಡಿದು ಹಿಡಿದು ಹೆಬ್ಬೆರಳು ಮರಗಟ್ಟಿತ್ತು, ಅದರ ಮೇಲೆ ಬಿಸಿ ನೀರು ಬಿದ್ದರೂ ಗೊತ್ತಾಗುತ್ತಿರಲಿಲ್ಲ.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಕೈಗಾಡಿಯಲ್ಲಿ ಸೋಫಾ ಬಂತು. ಕೆಂಪು ಬಟ್ಟೆಯದು, ಮೂರು ಜನ ಕೂರುವಂಥದು. ಸುನಂದಾಳ ಮುಖ ಅರಳಿತ್ತು.

"ಎಷ್ಟ್ ಸಸ್ತಾ ಸಿಕ್ತು ನೋಡ್ರಿ ಅಕ್ಕಾರ! ಚಳಿ ಮುಂದ ಎಲ್ಲಾರೂ ಮಾರಾವ್ರ, ತೊಗೊಳ್ಳಾವ್ರು ಯಾರೂ ಇಲ್ಲ. ಫಾಲ್ಗುಣದಾಗ ಭಾರತೀನ್ನ ನೋಡಾಕ ಬರತಾರ. ಆವಾಗ ತೊಗೋತೀನಿ ಅಂದ್ರ ಮೂರು ಪಟ್ಟು ಹೇಳತಾರ."

ಸುನಂದಾ ಕೆಟ್ಟವಳಲ್ಲ. ಮಗಳ ಚಿಂತೆ ಅವಳದು, ಉಳಿತಾಯದ ಲೆಕ್ಕವೂ ತಪ್ಪಿರಲಿಲ್ಲ. ಅದನ್ನು ಪಡಸಾಲೆಯ ಮೂಡಣ ಗೋಡೆಗೆ ಹಚ್ಚಿ ಇಟ್ಟರು. ಉದ್ದ ನೋಡಿದೆ. ಸರಿಯಾಗಿ ಒಬ್ಬರು ಮಲಗುವಷ್ಟಿತ್ತು.

ಮಾರ್ಗಶಿರದ ಮೊದಲ ಸೋಮವಾರ ಪುರಸಭೆಯ ಅಳತೆಗಾರ ಗದಿಗೆಪ್ಪ ಬಂದ. ಪ್ರತಿ ಮನೆಯನ್ನೂ ಟೇಪು ಹಿಡಿದು ಅಳೆದು, ಎಷ್ಟು ಕುಗ್ಗೀತೆಂದು ಅಂದಾಜು ಮಾಡಿ, ಯಾವುದು ಒಳಗೆ ಯಾವುದು ಹೊರಗೆ ಎಂದು ಚೀಟಿ ಬರೆಯುವುದು ಅವನ ಕೆಲಸ. ಆ ಚೀಟಿ ಇಲ್ಲದೆ ಛತ್ರದಲ್ಲಿ ಸೇರಿಸಿಕೊಳ್ಳುವುದಿಲ್ಲ. ನಾನು ಆಗ ಸ್ಟೂಲಿನ ಮೇಲೆ ನಿಂತು ಕೊನೆಯ ಕೌದಿಯನ್ನು ಗೋಡೆಗೆ ಬಡಿಯುತ್ತಿದ್ದೆ. ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡಿದ್ದೆ.

"ಈ ಸಲ ಗಾಳಿ ಜೋರ್ ಐತಿ ಅಂತಾರ. ಆದ್ರ ಕೌದಿ ಚಲೋ ಹಾಕೀರಿ, ಒಂದೂವರಿ ಕೋಣಿ ಉಳಿತೈತಿ. ಹಿಡಿಸೂವಷ್ಟ ಬರಸ್ರಿ" ಅಂದ ಗದಿಗೆಪ್ಪ. "ರೊಟ್ಟಿ ಬುಟ್ಟಿ, ಕಾಳಿನ ಡಬ್ಬಿ?"

"ಒಳಗ" ಅಂದ ಕಲ್ಮೇಶ.

"ಮಂಚ?"

"ಹೊರಗ. ಮಾರಿಬಿಟ್ಟೀವಿ."

"ಈ ಸೋಫಾ?"

ಕಲ್ಮೇಶ ಹೆಂಡತಿಯ ಮುಖ ನೋಡಿದ. "ಒಳಗ."

"ಇನ್ನ ಮಂದಿ ಹೇಳ್ರಿ."

"ನಾನು, ಸುನಂದಾ, ಭಾರತಿ. ಒಳಗ."

"ದಾನವ್ವ?"

ಕಲ್ಮೇಶ ನೆಲದ ಮೇಲಿದ್ದ ಟೇಪನ್ನು ನೋಡುತ್ತ, "ವರ್ಷದಂಗ" ಅಂದ.

"ವರ್ಷದಂಗ ಅಂದ್ರ ಏನು ಬರೀಲಿ?"

"ಹೊರಗ."

ಹಿಂದಿನ ಹತ್ತು ವರ್ಷ ಅಳತೆಯ ಹೊತ್ತಿಗೆ ನಾನು ಹಿತ್ತಲಲ್ಲಿ ಇರುತ್ತಿದ್ದೆ. ಕಿವಿಯಾರೆ ಕೇಳಿದ್ದು ಅದೇ ಮೊದಲು. ಬಾಯಲ್ಲಿ ಮೊಳೆಗಳಿದ್ದುದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಏನು ಅನ್ನುತ್ತಿದ್ದೆನೋ. ಒಂದೊಂದಾಗಿ ಮೊಳೆ ತೆಗೆದು ಕೈಯಲ್ಲಿ ಹಿಡಿದೆ. ಸ್ಟೂಲಿನಿಂದ ಇಳಿದೆ.

"ಗದಿಗೆಪ್ಪ, ಬರ್ಕೊಂಡ್ಯಾ?"

"ಬರ್ಕೊಂಡ್ನಿರಿ ಅವ್ವಾರ."

"ಏನಂತ?"

"ದಾನವ್ವ, ಹೊರಗ ಅಂತ."

"ಅದಕ್ಕಿಂತ ಮೊದಲು ಸಾಮಾನಿನ್ಯಾಗ ಕಡೀ ಸಾಲು ಏನೈತಿ, ಓದು."

ಅವನು ಚೀಟಿಯನ್ನು ಕಣ್ಣಿನ ಹತ್ತಿರ ತಂದುಕೊಂಡ. "ಸೋಫಾ, ಒಳಗ."

"ಎರಡೂ ಕೂಡಿಸಿ ಓದು. ಜೋರಾಗಿ ಓದು, ಓಣಿಗೆ ಕೇಳ್ಲಿ."

ಅವನು ಓದಲಿಲ್ಲ. ಕಲ್ಮೇಶ ಎದ್ದು ನಿಂತ. "ಅಕ್ಕಾ, ಮಂದಿ ಮುಂದ ಯಾಕ ಬೇಕು ಇದೆಲ್ಲಾ?"

"ಮಂದಿ ಮುಂದ ಬರಸಿದೆಲ್ಲೋ, ಮಂದಿ ಮುಂದ ಕೇಳ್ತೀನಿ. ಅಪ್ಪ ಎಂಟು ತಿಂಗಳು ಹಾಸಿಗಿ ಹಿಡದಿದ್ದ. ಅವನ ಹೇಲು ಉಚ್ಚಿ ಬಳದಾಕಿ ಹೊರಗ. ನಿನ್ನೆ ಮೊನ್ನೆ ಬಂದ ಸೋಫಾದ ಕಟ್ಟಿಗಿ ಒಳಗ. ನನಗ ನೋವಿಲ್ಲ ಅನಕೊಂಡೀಯೇನು? ನಾನು ಹೊರಗ ಹೋದ ಮ್ಯಾಲೆ ಒಂದು ದಿನ, ಒಂದ ಒಂದು ದಿನ, ಅಕ್ಕ ಹೆಂಗದಾಳ ಅಂತ ಬಂದು ನೋಡೀಯೇನು?"

ಸುನಂದಾ ಸೆರಗಿನ ತುದಿ ಹಿಂಡುತ್ತಿದ್ದಳು. ನನಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮಾತು ಆಡಿ ಮುಗಿಸಿ, ಕಣ್ಣೊರೆಸಿಕೊಂಡು, ಗಂಟು ಹೊತ್ತು ಛತ್ರಕ್ಕೆ ಹೋಗುವುದೇ ಹೆಂಗಸರ ಸಿಟ್ಟಿನ ಕೊನೆ ಎಂದು ಅವರೆಲ್ಲ ತಿಳಿದಿದ್ದರು. ಗದಿಗೆಪ್ಪ ಆಗಲೇ ಪೆನ್ನು ಕಿಸೆಗೆ ಸಿಕ್ಕಿಸುತ್ತಿದ್ದ.

"ಪೆನ್ನು ತಗೀ. ಹೊರಗ ಹೋಗಾವ್ರು ತಮ್ಮ ಸಾಮಾನು ಒಯ್ಯಬಹುದೋ ಇಲ್ಲೋ?"

"ಒಯ್ಯಬಹುದ್ರಿ. ಸ್ವಂತದ್ದು ಏನಿದ್ರೂ ಒಯ್ಯಬಹುದು, ಕಾಯ್ದೆನ ಐತಿ."

"ಹಂಗಾರ ಬರ್ಕೊ. ಗೋಡಿ ಕೌದಿ ಇಪ್ಪತ್ತಾರು, ಹೊರಗ."

ಸುನಂದಾ ಹೌಹಾರಿದಳು. "ಅಕ್ಕಾರ! ಕೌದಿ ತಗದ್ರ ಮನಿ ಏನಾಗಬೇಕ್ರಿ?"

"ಸೋಫಾ ಬೆಚ್ಚಗ ಇಡತೈತಿ ಬಿಡವಾ" ಅಂದೆ.

ಸುತ್ತಿಗೆಯ ಹಿಂಬದಿಯಿಂದ ಮೊಳೆ ಕೀಳಲು ಶುರುಮಾಡಿದೆ. ಬಡಿಯುವುದಕ್ಕಿಂತ ಕೀಳುವುದು ಸಲೀಸು. ಕೌದಿ ಒಂದೊಂದಾಗಿ ಬಿದ್ದಂತೆ ಹಿಂದಿನ ಇಟ್ಟಿಗೆ ಕಾಣತೊಡಗಿತು, ನನಗೇ ನೋಡಲು ಸಂಕಟವಾಯಿತು. ಕಲ್ಮೇಶ ಬಾಗಿಲಿಗೆ ಒರಗಿ ನಿಂತಿದ್ದ. ನನ್ನ ಕೈ ಹಿಡಿಯಲು ಅವನಿಗೆ ಧೈರ್ಯವಿರಲಿಲ್ಲ, ಬೇಡವೆನ್ನಲು ಮುಖವಿರಲಿಲ್ಲ. ದೊಡ್ಡ ಕೌದಿಯನ್ನು ಒಬ್ಬಳೇ ಮಡಿಸಲಾಗದೆ ಒದ್ದಾಡುತ್ತಿದ್ದಾಗ ಭಾರತಿ ಅಡುಗೆ ಕೋಣೆಯಿಂದ ಬಂದಳು. ಅಪ್ಪ ಅವ್ವನ ಕಡೆ ನೋಡಲಿಲ್ಲ. "ಅತ್ತಿ, ಆ ತುದಿ ನಾ ಹಿಡೀತೀನಿ" ಅಂದಳು. ಸೋದರ ಸೊಸೆ ಮತ್ತು ನಾನು ಮೂರು ಸಲ ಹೋಗಿ ಬಂದು ಇಪ್ಪತ್ತಾರೂ ಕೌದಿಗಳನ್ನು ಛತ್ರಕ್ಕೆ ಸಾಗಿಸಿದೆವು. ರೊಟ್ಟಿ, ಕುಳ್ಳು, ಚಟ್ನಿ ಯಾವುದನ್ನೂ ಮುಟ್ಟಲಿಲ್ಲ. ಉಣ್ಣಲಿ ಪಾಪ.

ಛತ್ರದ ಬಡಗಣ ಬದಿಯ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಕೌದಿಗಳನ್ನು ತೂಗಹಾಕಿದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅಲ್ಲಿ ಗಾಳಿ ನಿಂತಿತು. ಹೆಂಚಿನ ಕೆಲಸದಲ್ಲಿ ಸೊಂಟ ಬಾಗಿಸಿಕೊಂಡ ಬೀಬಿಜಾನ್ ಕೌದಿಯನ್ನು ಮುಟ್ಟಿ ಮುಟ್ಟಿ ನೋಡಿದಳು.

"ನಾನೂ ಮಗನ ಮನಿಗೆ ನಲವತ್ತು ವರ್ಷ ಹೊಲದೀನಿ ದಾನವ್ವ. ತರಬಹುದು ಅಂತ ನನಗ ತಿಳೀಲಿಲ್ಲ ನೋಡ."

"ಈಗ ತಿಳೀತಲ್ಲ" ಅಂದೆ.

ಮರುದಿನ ಅವಳು ಹೋಗಿ ಹದಿನಾಲ್ಕು ತಂದಳು. ಆಮೇಲೆ ಇನ್ನೂ ಮೂರು ಮುದುಕಿಯರು ಎದ್ದರು. ವಾರದೊಳಗೆ ಬಡಗಣ, ಪಡುವಣ ಎರಡೂ ಬದಿ ಮುಚ್ಚಿದವು. ಬಟ್ಟೆಯ ಗೋಡೆ ಚಳಿಗೆ ಕುಗ್ಗುವುದಿಲ್ಲ. ಮೂವತ್ತು ಮಂದಿ ಕಾಲು ಚಾಚಿ ಮಲಗಿದೆವು. ಊರಲ್ಲಿ ಮಾತ್ರ ಗದ್ದಲ. ದಾನವ್ವ ಹಾದಿ ಹಾಕಿಕೊಟ್ಟಳು, ಮನೆಗಳು ಹಾಳಾದವು ಅಂದರು. ಪುರಸಭೆಯ ಸದಸ್ಯರೊಬ್ಬರು ಉಣ್ಣೆಯ ಕೋಟು ಹಾಕಿಕೊಂಡು ಬಂದು, ಹೆಣ್ಣು ಮನೆ ಕೂಡಿಸಬೇಕೇ ಹೊರತು ಒಡೆಯಬಾರದು ಎಂದು ಬುದ್ಧಿ ಹೇಳಿದರು.

"ಸಾಹೇಬ್ರ, ನಿಮ್ಮನ್ಯಾಗಿಂದ ಯಾರನ್ನ ಹೊರಗ ಹಾಕೀರಿ?" ಎಂದು ಕೇಳಿದೆ.

"ನಮ್ಮನಿ ಅಷ್ಟ ಕುಗ್ಗೂದಿಲ್ಲ" ಅಂದರು.

"ಕುಗ್ಗಿದ ದಿನ ಬರ್ರಿ. ಜಾಗ ಮಾಡಿ ಕೊಡ್ತೀವಿ" ಅಂದೆ. ಬೀಬಿಜಾನ್ ಬಾಯಿಗೆ ಸೆರಗು ಒತ್ತಿಕೊಂಡಳು. ಅವರು ಮತ್ತೆ ಆ ಕಡೆ ಸುಳಿಯಲಿಲ್ಲ.

ಎಂಟನೆಯ ದಿನ ಕಲ್ಮೇಶ ಬಂದ. ಕೌದಿಯ ಆಚೆ ನಿಂತು ಕೂಗಿದ, ಒಳಗೆ ಬರಲಿಲ್ಲ. ಗಡ್ಡ ಬೆಳೆದಿತ್ತು. ಮನೆ ದಿನಕ್ಕೆ ಮೂರು ಬೆರಳು ಸರಿಯುತ್ತಿದೆ, ಅಡುಗೆ ಕೋಣೆ ಮುಚ್ಚಿಯೇ ಹೋಗಿದೆ, ಒಲೆಯನ್ನು ಪಡಸಾಲೆಗೆ ತಂದಿದ್ದೇವೆ ಅಂದ.

"ಅಕ್ಕಾ, ಆದದ್ದು ಆತು. ಮನಿಗೆ ಬಾ. ಕೌದಿ ಹೊರಾಕ ಗಾಡಿ ತಂದೀನಿ."

ನಾನು ಹೊರಗೆ ಇಣುಕಿದೆ. ನಿಜವಾಗಿಯೂ ಕೈಗಾಡಿ ತಂದಿದ್ದ. ನನ್ನ ಮೈ ಉರಿದುಹೋಯಿತು.

"ಕಲ್ಮೇಶಾ, ನೀ ಕರೀಲಾಕ ಬಂದದ್ದು ನನ್ನನ್ನೋ, ಕೌದಿಗಳನ್ನೋ?"

"ಎರಡೂ... ನಿನ್ನನ್ನ ಅಕ್ಕಾ."

"ಮೊದಲು ಬಾಯಿಗೆ ಬಂದದ್ದು ಎರಡೂ. ನಾ ಬರಿಗೈಲೆ ಬರ್ತೀನಿ, ಒಂದೂ ಕೌದಿ ತರೂದಿಲ್ಲ. ಕರ್ಕೊಂಡು ಹೋಗ್ತೀಯೇನು ಹೇಳು."

ಅವನು ಗಾಡಿಯ ಹಿಡಿಕೆಯನ್ನು ಉಗುರಿನಿಂದ ಕೆರೆಯುತ್ತ ನಿಂತ. ನಾನು ಹತ್ತು ಎಣಿಸುವಷ್ಟು ಹೊತ್ತು ಕಾದೆ. ಹೌದು ಅಂದಿದ್ದರೆ, ದೇವರಾಣೆಗೂ, ಆ ಕ್ಷಣವೇ ಎಲ್ಲವನ್ನೂ ಬಿಚ್ಚಿಕೊಂಡು ಅವನ ಹಿಂದೆ ನಡೆದುಬಿಡುತ್ತಿದ್ದೆ. ಅಷ್ಟು ಮೆತ್ತಗಿನವಳು ನಾನು. ಅವನು ಗಾಡಿ ತಿರುಗಿಸಿಕೊಂಡು ಹೋದ. ಖಾಲಿ ಗಾಡಿಯ ಸದ್ದು ಓಣಿಯ ತಿರುವಿನವರೆಗೆ ಕೇಳಿಸುತ್ತಿತ್ತು.

ಅದಾದ ಹತ್ತು ದಿನಕ್ಕೆ, ಮಧ್ಯಾಹ್ನ ನಾವು ಉಂಡು ಬಿಸಿಲಿಗೆ ಕೂತಿದ್ದಾಗ, ಅವನು ಮತ್ತೆ ಬಂದ. ಈ ಸಲ ಗಾಡಿ ಇರಲಿಲ್ಲ. ಕಂಕುಳಲ್ಲಿ ಹಾಸಿಗೆಯ ಸುರುಳಿ, ಕೈಯಲ್ಲಿ ಗದಿಗೆಪ್ಪ ಅವನ ಹೆಸರಿಗೆ ಬರೆದುಕೊಟ್ಟ ಹೊಸ ಚೀಟಿ. ಛತ್ರದ ಮೆಟ್ಟಿಲ ಮೇಲೆ ನಿಂತು ಚೀಟಿಯನ್ನು ನನ್ನತ್ತ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ.

"ಮನ್ಯಾಗ ಇಬ್ಬರಿಗಷ್ಟ ಜಾಗ ಉಳದೈತಿ" ಅಂದ. "ಸೋಫಾ ಹೊರಗ ಹಾಕೂಣು ಅಂದ್ವಿ. ಬಾಗಲಾ ಸಣ್ಣದಾಗಿಬಿಟ್ಟೈತಿ, ಹೊಂಡವಲ್ದು. ಕಡದು ಹಾಕಾಕ ಸುನಂದಾ ಬಿಡವಲ್ಲಳು. ಯಾರರ ಒಬ್ರು ಹೊರಗ ಬರಬೇಕಿತ್ತು. ನಾನ ಹೋಗ್ತೀನಿ ಅಂದೆ."

ಕೂತವರಲ್ಲಿ ಯಾರೋ ನಕ್ಕರು. ನನಗೆ ನಗು ಬರಲಿಲ್ಲ. 'ನಾನ ಹೋಗ್ತೀನಿ' ಎಂಬ ಎರಡು ಮಾತು ಇವನ ಬಾಯಲ್ಲಿ ಹನ್ನೊಂದು ವರ್ಷ ಎಲ್ಲಿದ್ದವು ಎಂದು ಯೋಚಿಸುತ್ತಿದ್ದೆ.

ಮೂಡಣ ಬದಿಯ ಮೂಲೆಯ ಕಂಬ ತೋರಿಸಿದೆ. ಅಲ್ಲಿಗೆ ಕೌದಿ ಸಾಲಿರಲಿಲ್ಲ. "ಅದು ಹೊಸಬರ ಜಾಗ. ನಾನೂ ಮೊದಲನೇ ವರ್ಷ ಅಲ್ಲೇ ಮಲಗಿದ್ದೆ" ಅಂದೆ. ಹಾಸಿಕೊಳ್ಳಲು ಹೊದೆಯಲು ಬೇರೇನನ್ನೂ ಕೊಡಲಿಲ್ಲ. ಬೀಬಿಜಾನ್ ನನ್ನ ಮುಖವನ್ನೇ ನೋಡಿದಳು. ನೋಡಲಿ, ಅಂದುಕೊಂಡೆ.

ಬೆಳಗ್ಗೆ ಎದ್ದಾಗ ಅವನು ಕಂಬಕ್ಕೆ ಬೆನ್ನು ಕೊಟ್ಟು, ಮೊಣಕಾಲುಗಳನ್ನು ಎದೆಗೆ ಅವುಚಿಕೊಂಡು ಕೂತಿದ್ದ. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು. ಬಿಸಿ ಚಹಾದ ಲೋಟ ಕೈಗೆ ಕೊಟ್ಟೆ. ಅದನ್ನು ಕುಡಿಯದೆ ಕೆನ್ನೆಗೆ ಒತ್ತಿಕೊಂಡ.

"ಇಷ್ಟ ಥಂಡಿ ಇರತೈತಿ ಅಂತ ನನಗ ಗೊತ್ತಿದ್ದಿಲ್ಲ ಅಕ್ಕಾ."

"ಕೇಳಿದ್ರ ಹೇಳ್ತಿದ್ದೆ."

"ನಾ ಒಮ್ಮಿಯೂ ಬರಲಿಲ್ಲ."

"ಇಲ್ಲ. ಬರಲಿಲ್ಲ."

ಅವನ ಕಣ್ಣಿಂದ ನೀರು ಇಳಿಯಿತು. ಇಂಥದೊಂದು ಗಳಿಗೆ ಬಂದರೆ ನನ್ನ ಸಿಟ್ಟೆಲ್ಲ ಕರಗಿ ಹರಿದುಹೋಗುತ್ತದೆ ಎಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಕರಗಲಿಲ್ಲ. ತಮ್ಮ ಅಳುವುದನ್ನು ನೋಡಿ ಮರುಕ ಬಂದದ್ದು ನಿಜ; ಸಿಟ್ಟು ಅದರ ಪಕ್ಕದಲ್ಲೇ ಹಾಗೆಯೇ ಕೂತಿತ್ತು. ಎದ್ದು ಹೋಗಿ ನನ್ನ ಗಂಟು ಬಿಚ್ಚಿ, ಉಳಿದ ಚಿಂದಿ, ಎರಡು ಕಾಗದದ ಹಾಳೆ, ಸೂಜಿ, ದಾರದ ಉಂಡೆ ತಂದು ಅವನ ಮುಂದೆ ಹಾಕಿದೆ.

"ಏನಿದು?"

"ಆ ಮೂಲಿಗೆ ಕೌದಿ ಬೇಕು. ಹೊಲಿ."

"ನನಗ ಹೊಲಿಯಾಕ ಬರೂದಿಲ್ಲ ಅಕ್ಕಾ."

"ನನಗೂ ಹುಟ್ಟಿದಾಗ ಬರ್ತಿದ್ದಿಲ್ಲ."

ಸೂಜಿಗೆ ದಾರ ಪೋಣಿಸಲು ಅವನಿಗೆ ಐದು ಸಲ ಬೇಕಾಯಿತು. ಬೀಬಿಜಾನ್ ಸಹಾಯಕ್ಕೆ ಕೈ ಚಾಚಿದಳು, ನಾನು ಬೇಡವೆಂದು ತಲೆಯಾಡಿಸಿದೆ. ಬೆರಳಿಗೆ ಚುಚ್ಚಿಕೊಂಡ, ಬೆರಳನ್ನು ಬಾಯಲ್ಲಿ ಇಟ್ಟುಕೊಂಡ, ಮತ್ತೆ ಹೊಲಿದ. ಕಾರ್ಖಾನೆಯ ರಜೆಯ ದಿನವಾದ್ದರಿಂದ ಅವನಿಗೆ ಬೇರೆ ಕೆಲಸವಿರಲಿಲ್ಲ. ಬಿಸಿಲು ಕಂಬದ ಬುಡಕ್ಕೆ ಬರುವ ಹೊತ್ತಿಗೆ ಒಂದು ಗೇಣು ಮುಗಿಸಿ ನನ್ನ ಕಡೆ ಹಿಡಿದು ತೋರಿಸಿದ. ಸಾಲು ಡೊಂಕಾಗಿತ್ತು. ಒಂದು ಹೊಲಿಗೆಗೂ ಇನ್ನೊಂದಕ್ಕೂ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟಿದ್ದ.

"ಬಿಚ್ಚು" ಅಂದೆ.

ಅವನು ತಲೆ ಬಗ್ಗಿಸಿ, ಒಂದೊಂದೇ ಹೊಲಿಗೆಯನ್ನು ಸೂಜಿಯ ತುದಿಯಿಂದ ಎತ್ತಿ ಬಿಚ್ಚತೊಡಗಿದ.